ಕೋಣೆ ಕಾಯ್ದಿರಿಸುವ ಮುನ್ನ

ಐಹೊಳೆಯ ಮೇಗುತಿ ಬಸದಿಯಲ್ಲಿರುವ ಕ್ರಿ.ಶ. 634ರ ರವಿಕೀರ್ತಿಯ ಶಾಸನವನ್ನು ಕಾಣಲು ಹೊರಡುವ ಅನೇಕರು ಇಂದು ಅಂತರ್ಜಾಲದಲ್ಲಿಯೇ ಕೋಣೆಯನ್ನು ಕಾಯ್ದಿರಿಸುತ್ತಾರೆ. ಐಹೊಳೆಯಲ್ಲಿ ವಸತಿಗೃಹಗಳು ವಿರಳ. ಹೆಚ್ಚಿನವು ಸುಮಾರು 35 ಕಿ.ಮೀ. ದೂರದ ಬಾದಾಮಿಯಲ್ಲಿವೆ. ಆದುದರಿಂದ ಅಗ್ಗದ ದರಕ್ಕೆ ಮರುಳಾಗದೆ, ನಕಾಶೆಯಲ್ಲಿ ಸ್ಥಳವನ್ನೂ ತೆರಿಗೆ ಸೇರಿದ ಒಟ್ಟು ಮೊತ್ತವನ್ನೂ ರದ್ದತಿಯ ನಿಯಮವನ್ನೂ ಮೊದಲು ಪರಿಶೀಲಿಸಬೇಕು.

ಮಧ್ಯವರ್ತಿ ತಾಣಗಳು ಕೋಣೆಯ ಬಾಡಿಗೆಯಲ್ಲಿ ದಲ್ಲಾಳಿ ಹಣವನ್ನು ಮುರಿದುಕೊಳ್ಳುತ್ತವೆ. ವಸತಿಗೃಹಕ್ಕೇ ದೂರವಾಣಿ ಮಾಡಿ ಕಾಯ್ದಿರಿಸಿದರೆ ಆ ಪಾಲು ಊರಲ್ಲಿಯೇ ಉಳಿದೀತು. ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಆಗಲೇ ಕೇಳಬೇಕು. ಬೇಸಿಗೆಯಲ್ಲಿ ಸೊರಗುವ ಹೊಳೆಯ ದಂಡೆಯಲ್ಲಿ ಈ ಪ್ರಶ್ನೆಯು ದರಕ್ಕಿಂತ ದೊಡ್ಡದು. ಐಹೊಳೆಯ ಬದಿಯಲ್ಲಿ ಹರಿಯುವ ಮಲಪ್ರಭೆಯು ಹುಟ್ಟುವುದು ಘಟ್ಟದ ಕನಕುಂಬಿಯಲ್ಲಿ. ಮಲೆಯು ಕಾಯ್ದು ಕಳುಹಿದ ನೀರನ್ನು ಒಂದಿರುಳಿನ ಅತಿಥಿಯು ಕೆಡಿಸುವುದು ಸಲ್ಲದು.