ಅವ್ವ ಎಲ್ಲಿ ಕೂಡಬೇಕು? - ಇಟಲಿ ಪ್ರವಾಸದ ಲೆಕ್ಕ

2024ರ ಜನವರಿಯ ಒಂದು ಭಾನುವಾರ ಮಗ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದ. ಎಕ್ಸೆಲ್‌ನಲ್ಲಿ ಹನ್ನೊಂದು ಸಾಲು: ಮಿಲಾನ್, ಕೋಮೊ, ಚಿಂಕ್ವೆ ತೆರ್ರೆ, ಪಿಸಾ, ಫ್ಲಾರೆನ್ಸ್, ಸಿಯೆನಾ, ರೋಮ್, ನೇಪಲ್ಸ್, ಪಾಂಪೆ, ಅಮಾಲ್ಫಿ, ವೆನಿಸ್. ನಮ್ಮ ಹತ್ತಿರ ಇದ್ದದ್ದು ಹತ್ತು ರಾತ್ರಿ.

"ಊರಿಗಿಂತ ರಾತ್ರಿನೇ ಕಡಿಮೆ ಇವೆಯಲ್ಲೋ" ಅಂದೆ.

"ದಿನಕ್ಕೆ ಎರಡು ಮಾಡಬಹುದು ಅಪ್ಪಾ, ಅಲ್ಲಿ ಟ್ರೇನು ಫಾಸ್ಟ್" ಅಂದ. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವನು ನೋಡಿ, ಫಾಸ್ಟ್ ಟ್ರೇನು ಅಂದರೆ ಅವನಿಗೆ ಜೀವನದ ಎಲ್ಲ ಸಮಸ್ಯೆಗೂ ಉತ್ತರ.

ಪಕ್ಕದಲ್ಲಿ ಬಟಾಣಿ ಸುಲಿಯುತ್ತ ಕೂತಿದ್ದ ನಮ್ಮವ್ವ ತಲೆ ಎತ್ತದೆ ಕೇಳಿದಳು: "ಅಲ್ಲೆ ನನಗ ಕೂಡ್ಲಿಕ್ಕೆ ಜಾಗಾ ಸಿಗ್ತದೇನು?"

ಅವಳಿಗೆ ಎಪ್ಪತ್ನಾಲ್ಕು. ಎರಡೂ ಮೊಣಕಾಲು ಸವೆದಿವೆ. ಆ ಪ್ರಶ್ನೆಗೆ ಎಕ್ಸೆಲ್‌ನಲ್ಲಿ ಸಾಲೇ ಇರಲಿಲ್ಲ.

ನನಗೆ ಥಟ್ಟನೆ ನೆನಪಾದದ್ದು 2015ರ ರಾಜಸ್ಥಾನ. ಒಂದು ಟೂರ್ ಕಂಪನಿಯವರ ಜೊತೆ ಹೋಗಿದ್ದೆವು, ಎಂಟು ದಿನಕ್ಕೆ ಏಳು ಊರು. ಮೂರನೇ ದಿನಕ್ಕೇ ಅಪ್ಪ ಸುಸ್ತಾದರು. ಚಿತ್ತೋಡಗಡದಲ್ಲಿ "ನೀವು ನೋಡಿ ಬರ್ರಿ, ನಾ ಬಸ್ಸಿನ್ಯಾಗ ಇರ್ತೀನಿ" ಅಂದರು. ಅಲ್ಲಿಂದ ಮುಂದೆ ಎಲ್ಲ ಕಡೆಯೂ ಅದೇ ಮಾತು. ಗೈಡ್ ಕೊಡುತ್ತಿದ್ದದ್ದು ನಲವತ್ತು ನಿಮಿಷ, ಅದರಲ್ಲಿ ನಿಧಾನಕ್ಕೆ ನಡೆಯುವವರಿಗೆ ಜಾಗವಿಲ್ಲ. ಆ ಪ್ರವಾಸದ ಆಲ್ಬಮ್ ತೆಗೆದರೆ ಅಪ್ಪ ಇರುವ ಫೋಟೋಗಳೆಲ್ಲ ಹೋಟೆಲಿನ ಊಟದ ಹಾಲಿನವು. 2017ರಲ್ಲಿ ಹೋಗಿಬಿಟ್ಟರು.

ಹೀಗಾಗಿ ನಾನು ಒಂದು ನಿಯಮ ಹಾಕಿದೆ. ಊರು ಎಣಿಸುವುದಿಲ್ಲ, ರಾತ್ರಿ ಎಣಿಸುವುದು. ಒಂದು ಊರಿಗೆ ಮೂರು ರಾತ್ರಿಗಿಂತ ಕಡಿಮೆಯಾದರೆ ಆ ಊರು ಬೇಡ. ಮನೆಯಲ್ಲಿ ದೊಡ್ಡ ಜಗಳವೇ ಆಯಿತು ಅನ್ನಿ. ಹೆಂಡತಿ ನನ್ನ ಕಡೆ, ಮಗ ಆ ಕಡೆ, ಹನ್ನೊಂದು ವರ್ಷದ ಮಗಳು ಪಿಜ್ಜಾ ಎಲ್ಲಿ ಸಿಗುತ್ತೋ ಆ ಕಡೆ.

ಮಗನಿಗೆ ಹೇಳಿದ ಲೆಕ್ಕ ನಿಮಗೂ ಹೇಳುತ್ತೇನೆ. ರೋಮ್‌ನಿಂದ ಫ್ಲಾರೆನ್ಸ್‌ಗೆ ಫಾಸ್ಟ್ ಟ್ರೇನಿನಲ್ಲಿ ಒಂದೂವರೆ ತಾಸು, ನಿಜ. ಆದರೆ ಬೆಳಿಗ್ಗೆ ಪ್ಯಾಕಿಂಗು, ಹತ್ತು-ಹನ್ನೊಂದಕ್ಕೆ ರೂಮು ಖಾಲಿ, ಸ್ಟೇಷನ್ನಿಗೆ ಅರ್ಧ ತಾಸು ಮೊದಲೇ ಹೋಗಿ ಯಾವ ಪ್ಲಾಟ್‌ಫಾರ್ಮು ಅಂತ ಬೋರ್ಡು ನೋಡುತ್ತ ನಿಲ್ಲಬೇಕು. ಕೂಲಿಯವರು ಇರುವುದಿಲ್ಲ, ಐದು ಜನರ ಸಾಮಾನು ನಾವೇ ಹತ್ತಿಸಬೇಕು. ಆ ಊರಲ್ಲಿ ಇಳಿದರೆ ಹೊಸ ರೂಮು ಸಿಗುವುದು ಮಧ್ಯಾಹ್ನ ಎರಡೋ ಮೂರೋ ಗಂಟೆಗೆ. ಒಂದೂವರೆ ತಾಸಿನ ಪ್ರಯಾಣ ಅರ್ಧ ದಿನ ತಿನ್ನುತ್ತದೆ. ಏಳು ಊರು ಅಂದರೆ ಆರು ಸ್ಥಳಾಂತರ, ಮೂರು ದಿನ ಪೆಟ್ಟಿಗೆ ಎಳೆಯುವುದಕ್ಕೇ ಮುಡಿಪು. ರಜೆ ಹಾಕಿ, ಪಿ.ಎಫ್. ತೆಗೆದು ಅಷ್ಟು ದೂರ ಹೋಗುವುದು ಇದಕ್ಕಾ?

ಕೊನೆಗೆ ಉಳಿದದ್ದು ರೋಮ್ ನಾಲ್ಕು ರಾತ್ರಿ, ಫ್ಲಾರೆನ್ಸ್ ಮೂರು, ವೆನಿಸ್ ಮೂರು. ಇಳಿಯುವುದು ರೋಮ್‌ನಲ್ಲಿ, ವಾಪಸು ವಿಮಾನ ವೆನಿಸ್‌ನಿಂದ. ಇದು ಬಹಳ ಮುಖ್ಯ. ನಮ್ಮವರು ಅಭ್ಯಾಸಬಲದಿಂದ ರೋಮ್‌ಗೇ ಹೋಗಿ-ಬರುವ ಟಿಕೆಟ್ ಮಾಡಿಬಿಡುತ್ತಾರೆ, ಆಮೇಲೆ ವೆನಿಸ್‌ನಿಂದ ರೋಮ್‌ಗೆ ನಾಲ್ಕು ತಾಸು ಹಿಂದೆ ಬರಬೇಕು.

ಕೂಡುವ ಪ್ರಶ್ನೆ ಕ್ಷುಲ್ಲಕ ಅಂತ ನಿಮಗೆ ಅನ್ನಿಸಬಹುದು. ರೋಮ್‌ನಲ್ಲಿ ಕೂಡುವುದೇ ದುಬಾರಿ ಸ್ವಾಮಿ! ಸಿನಿಮಾದಲ್ಲೆಲ್ಲ ಜನ ಕೂತಿರುವ ಸ್ಪ್ಯಾನಿಷ್ ಮೆಟ್ಟಿಲುಗಳ ಮೇಲೆ 2019ರಿಂದ ಕೂಡುವ ಹಾಗಿಲ್ಲ, ದಂಡ ಹಾಕುತ್ತಾರೆ. ಕಾಫಿ ಕಟ್ಟೆಯ ಹತ್ತಿರ ನಿಂತು ಕುಡಿದರೆ ಒಂದು ರೇಟು, ಕುರ್ಚಿ ಎಳೆದು ಕೂತರೆ ಇನ್ನೊಂದು. ಊಟಕ್ಕೆ ಕೂತರೆ ತಲೆಗಿಷ್ಟು ಅಂತ 'ಕೊಪೆರ್ತೊ' ಬಿಲ್ಲಿನಲ್ಲಿ ಸೇರುವುದುಂಟು. ನಮಗೆ ಸಿಕ್ಕ ಪುಕ್ಕಟೆ, ತಂಪಾದ ಆಸನ ಅಂದರೆ ಚರ್ಚಿನ ಬೆಂಚು. ಸಾನ್ ಲುಯೀಜಿ ಚರ್ಚಿನಲ್ಲಿ ಕರವಾಜ್ಜೊನ ಮೂರು ದೊಡ್ಡ ಚಿತ್ರಗಳಿವೆ, ಟಿಕೆಟ್ ಇಲ್ಲ. ಅವ್ವ ಅಲ್ಲಿ ಮುಕ್ಕಾಲು ತಾಸು ಕೂತಿದ್ದಳು. ಮಧ್ಯಾಹ್ನ ಎಷ್ಟೋ ಚರ್ಚು ಬಾಗಿಲು ಹಾಕುತ್ತವೆ, ಬೆಳಿಗ್ಗೆಯೇ ಹೋಗಿ. ಭುಜ, ಮೊಣಕಾಲು ಮುಚ್ಚಿರಬೇಕು ಅನ್ನುವ ನಿಯಮ ನಮ್ಮವ್ವನ ಇಳಕಲ್ ಸೀರೆಗೆ ತೊಂದರೆ ಮಾಡಲಿಲ್ಲ, ಮಗನ ಚಡ್ಡಿಗೆ ಮಾಡಿತು :)

ಕೊಲೋಸಿಯಂನಲ್ಲಿ ಲಿಫ್ಟ್ ಇದೆ, ಕೇಳಬೇಕು ಅಷ್ಟೇ. ವ್ಯಾಟಿಕನ್ ಮ್ಯೂಸಿಯಮ್ಮಿನಲ್ಲಿ ಗಾಲಿಕುರ್ಚಿ ಕೊಡುತ್ತಾರೆ. ಅವ್ವ ಮೊದಲು "ನಾ ಏನ್ ಪೇಷಂಟೇನು?" ಅಂತ ಸಿಟ್ಟಾದಳು. ಆಮೇಲೆ ಸಿಸ್ಟೀನ್ ಚಾಪೆಲ್‌ನಲ್ಲಿ ಉಳಿದವರೆಲ್ಲ ಕತ್ತು ನೋಯಿಸಿಕೊಂಡು ನಿಂತು ನೋಡುವಾಗ ಇವಳು ಆರಾಮಾಗಿ ಒರಗಿ ಮಾಳಿಗೆ ನೋಡಿದಳು.

ವಾರದ ದಿನ ನೋಡಿಕೊಂಡು ಊರು ಜೋಡಿಸಿ. ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೆಯ ಭಾನುವಾರ ಬಿಟ್ಟರೆ ಉಳಿದ ಭಾನುವಾರ ಮುಚ್ಚಿರುತ್ತದೆ. ಫ್ಲಾರೆನ್ಸ್‌ನ ಉಫೀತ್ಸಿ, ಡೇವಿಡ್ ಮೂರ್ತಿ ಇರುವ ಅಕಾದೆಮಿಯಾ, ಎರಡೂ ಸೋಮವಾರ ರಜೆ. ಹದಿನೆಂಟರ ಒಳಗಿನ ಮಕ್ಕಳಿಗೆ ಸರಕಾರಿ ಮ್ಯೂಸಿಯಂ ಪುಕ್ಕಟೆ, ಆದರೂ ಟಿಕೆಟ್ ಕಾದಿರಿಸುವಾಗ ಅವರ ಹೆಸರೂ ಹಾಕಿ.

ಫ್ಲಾರೆನ್ಸ್‌ನಲ್ಲಿ ಒಂದು ದಿನ ನಾವು ಒಡೆದುಕೊಂಡೆವು. ಮಗ ಕೆಥೆಡ್ರಲ್ ಗುಮ್ಮಟದ 463 ಮೆಟ್ಟಿಲು ಹತ್ತಿ ಬಂದ (ಅಲ್ಲಿ ಲಿಫ್ಟ್ ಇಲ್ಲ). ಮಧ್ಯಾಹ್ನ ನಾನು ಇಬ್ಬರೂ ಮಕ್ಕಳನ್ನು ಕರೆದುಕೊಂಡು ಪಿಸಾಗೆ ಹೋದೆ, ಟ್ರೇನಿನಲ್ಲಿ ಒಂದು ತಾಸು. ಇಂಥ ಲೋಕಲ್ ಗಾಡಿಗೆ ಕಾಗದದ ಟಿಕೆಟ್ ತೆಗೆದರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಮಷೀನಿನಲ್ಲಿ ಮುದ್ರೆ ಒತ್ತಬೇಕು, ಇಲ್ಲದಿದ್ದರೆ ದಂಡ. ಅವ್ವ, ನನ್ನ ಹೆಂಡತಿ ಇಬ್ಬರೂ ನಮ್ಮ ಬಾಡಿಗೆ ಮನೆಯ ಹತ್ತಿರದ ಸಾಂತೊ ಸ್ಪಿರಿತೊ ಚೌಕದಲ್ಲಿ ಉಳಿದರು.

ಆಗ ನನಗೂ ಚುಚ್ಚಿತು, ಇದು ಮತ್ತೆ ಅದೇ ಬಸ್ಸಿನ ಕತೆಯಾಗಲಿಲ್ಲವೇ ಅಂತ. ಸಂಜೆ ಬಂದು ನೋಡಿದರೆ ಅವ್ವ ಬೆಳಗಿನ ಸಂತೆಯಲ್ಲಿ ತಂದ ಬದನೆಕಾಯಿಗೆ ಎಣ್ಣೆಗಾಯಿ ಮಾಡಿಟ್ಟು, ಪಕ್ಕದ ಬೆಂಚಿನ ಇಟಾಲಿಯನ್ ಮುದುಕಿಯ ಜೊತೆ ಯಾವ ಭಾಷೆಯಲ್ಲೋ ಮೊಣಕಾಲು ನೋವಿನ ಬಗ್ಗೆ ಮಾತಾಡಿ ಬಂದಿದ್ದಳು. ಅಪ್ಪನಿಗೆ ಪಾರ್ಕಿಂಗ್ ಜಾಗ ಸಿಕ್ಕಿತ್ತು, ಇವಳಿಗೆ ಒಂದು ಓಣಿ ಸಿಕ್ಕಿತು. ಮೂರು ರಾತ್ರಿ ಇದ್ದರೆ ಮಾತ್ರ ಓಣಿ ಸಿಗುತ್ತದೆ.

ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯಿರಿ ಅಂತ ನಾನು ಹೇಳುವುದು ಇದಕ್ಕೇ. ಶಾಖಾಹಾರ ಸಿಗದು ಅಂತಲ್ಲ, ಬೇಕಾದಷ್ಟು ಸಿಗುತ್ತದೆ. ಆದರೆ ತರಕಾರಿ ಸೂಪಿನಲ್ಲೂ ಮಾಂಸದ ರಸ ಇರಬಹುದು, ಪಾರ್ಮಿಜಾನೊ ಚೀಸಿಗೆ ಕರುವಿನ ಹೊಟ್ಟೆಯ ರೆನೆಟ್ ಹಾಕುತ್ತಾರೆ. ಕಟ್ಟುನಿಟ್ಟಿನವರಿಗೆ 'ಮರಿನಾರಾ' ಪಿಜ್ಜಾ ಒಳ್ಳೆಯದು, ಟೊಮೆಟೊ-ಬೆಳ್ಳುಳ್ಳಿ ಅಷ್ಟೇ, ಚೀಸೇ ಇಲ್ಲ. ಅವಲಕ್ಕಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು ಒಯ್ಯಿರಿ. ತುಪ್ಪ, ಧಾರವಾಡ ಪೇಡೆ ಬೇಡ. ಹೊರಗಿನಿಂದ ಹಾಲಿನ ಪದಾರ್ಥ ಯೂರೋಪಿನ ಒಕ್ಕೂಟಕ್ಕೆ ತರುವಂತಿಲ್ಲ. ತುಪ್ಪದ ಡಬ್ಬಿ ಪೆಟ್ಟಿಗೆಯಿಂದ ತೆಗೆಸಿದಾಗ ಅವ್ವನ ಮುಖ ನೋಡಬೇಕಿತ್ತು.

ವೆನಿಸ್ ಮೊಣಕಾಲಿನವರಿಗೆ ಕಷ್ಟದ ಊರು. ನಾನೂರಕ್ಕೂ ಮಿಕ್ಕಿ ಸೇತುವೆಗಳು, ಹೆಚ್ಚಿನವಕ್ಕೆ ಮೆಟ್ಟಿಲು. ಹೋಟೆಲ್ ಹುಡುಕುವಾಗ ನಾನು ಸ್ಟಾರು ನೋಡಲಿಲ್ಲ. ದೋಣಿ ನಿಲ್ದಾಣದಿಂದ ಬಾಗಿಲಿನ ತನಕ ಒಂದೂ ಸೇತುವೆ ಇರಬಾರದು, ಇದೊಂದೇ ಷರತ್ತು. ಅಲ್ಲಿ 'ವಪೊರೆತ್ತೊ' ಅನ್ನುವ ದೋಣಿ-ಬಸ್ಸಿಗೆ ಒಂದು ಸಲದ ಟಿಕೆಟ್ 9.50 ಯೂರೋ, ಆದ್ದರಿಂದ ಮೂರು ದಿನದ ಪಾಸೇ ಲಾಭ. ಒಂದನೇ ನಂಬರಿನ ದೋಣಿ ದೊಡ್ಡ ಕಾಲುವೆಯ ಉದ್ದಕ್ಕೂ ನಿಲ್ದಾಣ ನಿಲ್ದಾಣಕ್ಕೆ ನಿಲ್ಲುತ್ತ ಹೋಗುತ್ತದೆ, ನಮ್ಮ ಸ್ಲೋ ಲೋಕಲ್ ಥರ. ಅವ್ವ ಮೂರು ದಿನದಲ್ಲಿ ಆರು ಸಲ ಅದರಲ್ಲಿ ಹೋಗಿ ಬಂದಳು. ಕೂತೇ! 2024ರಿಂದ ಹಗಲು ಬಂದು ಹೋಗುವವರಿಗೆ ಕೆಲವು ದಿನ ಪ್ರವೇಶ ಶುಲ್ಕವಿದೆ. ರಾತ್ರಿ ಉಳಿಯುವವರು ಅದನ್ನು ಕಟ್ಟಬೇಕಿಲ್ಲ, ಆದರೆ ಹೋಟೆಲಿನಲ್ಲಿ ತಲೆಗಿಷ್ಟು ಅಂತ ಪ್ರವಾಸಿ ತೆರಿಗೆ ಬೇರೆ ಕೊಡಬೇಕು. ಮೂರೂ ಊರಲ್ಲಿ ಅದಿದೆ, ಬಜೆಟ್ಟಿನಲ್ಲಿ ಸೇರಿಸಿಕೊಳ್ಳಿ.

"ಮತ್ತೆ ಜನ್ಮದಲ್ಲಿ ಹೋಗ್ತೀವೋ ಇಲ್ವೋ, ಆದಷ್ಟು ನೋಡಿಬಿಡೋಣ" ಅನ್ನುವವರ ಮಾತು ಸುಳ್ಳಲ್ಲ. ನಮ್ಮಂಥವರ ರಜೆಯೆಲ್ಲ ಊರಿನ ಮುಂಜಿ, ಮದುವೆ, ಹೊಲದ ತಕರಾರಿನಲ್ಲೇ ಕಳೆದಿದೆ. ಐವತ್ತು ದಾಟಿದ ಮೇಲೆ ಮೊದಲ ಸಲ ಪಾಸ್‌ಪೋರ್ಟಿಗೆ ಮುದ್ರೆ ಬೀಳುವಾಗ ಪೈಸಾ ವಸೂಲ್ ಆಗಬೇಕು ಅನ್ನಿಸುವುದು ಸಹಜ. ಗಟ್ಟಿ ಕಾಲಿನವರು, ದಿನಾ ರಾತ್ರಿ ಅನ್ನ-ಸಾರು ಬೇಕೆನ್ನುವವರು ಟೂರ್ ಕಂಪನಿಯ ಜೊತೆ ಸುಖವಾಗಿ ಹೋಗಿ ಬರುತ್ತಾರೆ. ನಮ್ಮ ಬಿಲ್ಡಿಂಗಿನವರೇ ಹೋಗಿ ಬಂದಿದ್ದಾರೆ. ನನ್ನ ತಕರಾರು ಒಂದೇ: ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೋ, ಅವರನ್ನು ಕೇಳಿ ಪಟ್ಟಿ ಮಾಡಿ.

ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಈಗ ದೊಡ್ಡವರಿಗೆ 90 ಯೂರೋ, ಆರರಿಂದ ಹನ್ನೆರಡರ ಒಳಗಿನವರಿಗೆ ಅರ್ಧ, ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ವಿಮೆ ಬೇಕು. ವೀಸಾ ಕೈಗೆ ಬರುವ ತನಕ ದುಡ್ಡು ವಾಪಸು ಬರುವ ಥರದ ಹೋಟೆಲ್ಲೇ ಮಾಡಿ. ಮುಂಬಯಿ ಮಕ್ಕಳಿಗೆ ಮೇ ತಿಂಗಳು ಅನುಕೂಲ, ಅಲ್ಲಿ ಬಿಸಿಲೂ ಇನ್ನೂ ಸಹಿಸುವಂತಿರುತ್ತದೆ. ಜುಲೈ-ಆಗಸ್ಟ್ ಬೇಡವೇ ಬೇಡ.

ಮಗ ಇನ್ನೂ ನೇಪಲ್ಸ್ ನೋಡಲಿಲ್ಲ ಅಂತ ಗೊಣಗುತ್ತಾನೆ. ಅವನಿಗೆ ಹತ್ತೊಂಬತ್ತು, ಗೆಳೆಯರ ಜೊತೆ ಹೋಗಲಿ, ತನ್ನ ಬ್ಯಾಗು ತಾನೇ ಹೊರಲಿ. ಅವ್ವ ಮಾತ್ರ ಹೋದ ವಾರ ಕೇಳಿದಳು, ಆ ಒಂದನೇ ನಂಬರಿನ ದೋಣಿ ಮಳೆಗಾಲದಲ್ಲೂ ಓಡ್ತದೇನು ಅಂತ.