ಕ್ರಿಸ್ಮಸ್ ಸೂಟಿಯೂ ಸಮುದ್ರ ವಿಹಾರವೂ

ನಮ್ಮ ಪಾಲಕರಲ್ಲಿಯೂ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಇತ್ತಿತ್ತಲಾಗಿ ಒಂದು ಹೊಸ ಅಪೇಕ್ಷೆಯು ತಲೆದೋರಿದೆ. ಕ್ರಿಸ್ಮಸ್ ಸೂಟಿಯಲ್ಲಿ ಕುಟುಂಬ ಸಮೇತರಾಗಿ ಮುಂಬಯಿಗೆ ಹೋಗಿ, ಅಲ್ಲಿ ‘ಕ್ರೂಸ್’ ಎಂದು ಕರೆಯಲ್ಪಡುವ ವಿಹಾರದ ಹಡಗನ್ನೇರಿ, ಗೋವೆಯ ಕಡೆಗಾಗಲಿ ಲಕ್ಷದ್ವೀಪದ ಕಡೆಗಾಗಲಿ ಕೆಲವು ದಿನ ಸಮುದ್ರದ ಮೇಲಿದ್ದು ಬರಬೇಕೆಂಬುದೇ ಆ ಅಪೇಕ್ಷೆ. 2021ನೆಯ ಇಸವಿಯ ಸಪ್ಟೆಂಬರದಲ್ಲಿ ರೈಲ್ವೆಯ ಪ್ರವಾಸ ಸಂಸ್ಥೆಯೂ ಇಂಥ ಯಾತ್ರೆಯ ತಿಕೀಟುಗಳನ್ನು ಮಾರತೊಡಗಿದ ಮೇಲೆ, ಈ ಮಾತು ದೊಡ್ಡ ಪಟ್ಟಣಗಳವರಲ್ಲಿ ಮಾತ್ರವೇ ಉಳಿಯದೆ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಮನೆಗಳಲ್ಲಿಯೂ ಕೇಳಬರುತ್ತಲಿದೆ. ಇದು ಒಳ್ಳೆಯದೋ ಅಲ್ಲವೋ ಎಂದು ನನ್ನನ್ನು ಕೇಳಿದ ತಾಯಂದಿರು ಕೆಲವರಿದ್ದಾರೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರ ಕೊಡುವುದಕ್ಕಿಂತ, ಎಲ್ಲರ ಕೈಸೇರುವ ಈ ಸ್ಮರಣ ಸಂಚಿಕೆಯಲ್ಲಿ ನನ್ನ ಅಭಿಪ್ರಾಯವನ್ನು ಬರೆಯುವುದು ಲೇಸೆಂದು ತೋರಿತು.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸುವೆನು. ಸಮುದ್ರಯಾನವು ನಿಷಿದ್ಧವೆಂದು ಹೇಳುತ್ತಿದ್ದ ಹಳಬರ ಸಾಲಿಗೆ ನಾನು ಸೇರಿದವಳಲ್ಲ. ಬಯಲುಸೀಮೆಯವರಾದ ನಮಗೂ ಕಡಲಿಗೂ ಇರುವ ನಂಟು ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಎರೆಹೊಲಗಳ ಹತ್ತಿಯು ಎತ್ತಿನ ಬಂಡಿಗಳ ಮೇಲೆ ಘಟ್ಟವನ್ನಿಳಿದು, ಕುಮಟೆಯ ಬಂದರವನ್ನು ಸೇರಿ, ಅಲ್ಲಿಂದ ಹಡಗುಗಳಲ್ಲಿ ಮುಂಬಯಿಗೂ, ಅದರ ಮುಂದೆ ಇಂಗ್ಲಂಡಿಗೂ ಹೋಗುತ್ತಿದ್ದಿತು. ಈ ಕಾರಣದಿಂದಲೇ ಧಾರವಾಡ ಸೀಮೆಯ ನಾಟಿ ಹತ್ತಿಯು ಹೊರಗಿನ ಪೇಟೆಗಳಲ್ಲಿ ‘ಕುಮಟಾ’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಬಾಸೆಲ್ ಮಿಶನ್ನಿನ ಮೊದಲ ಬೋಧಕರು 1834ರಲ್ಲಿ ಮಂಗಳೂರಿಗೆ ಬಂದದ್ದೂ ಸಮುದ್ರಮಾರ್ಗವಾಗಿಯೇ. ಸುವೇಜ್ ಕಾಲುವೆಯು ತೆರೆದದ್ದು 1869ರಲ್ಲಿಯಾದ್ದರಿಂದ ಅವರು ಆಫ್ರಿಕಾ ಖಂಡವನ್ನು ಬಳಸಿಕೊಂಡು ಬರಬೇಕಾಗಿದ್ದಿತು. 1837ರಲ್ಲಿ ಧಾರವಾಡದಲ್ಲಿ ಅವರ ಕೆಲಸವು ಮೊದಲಾಯಿತು. ಹೀಗಿರುವಲ್ಲಿ ಕಡಲನ್ನು ದೂರುವುದು ನಮಗೆ ಸಲ್ಲದು.

ಮೇಲಾಗಿ ಸಮುದ್ರವು ನಮ್ಮ ಹೆಣ್ಣುಮಕ್ಕಳಿಗೆ ದೊಡ್ಡದೊಂದು ಪಾಠಶಾಲೆಯಾಗಬಲ್ಲದು. ಬೆಣ್ಣೆಹಳ್ಳದ ನೆರೆಗಿಂತ ಹೆಚ್ಚಿನ ನೀರನ್ನು ಕಾಣದ ಬಾಲಿಕೆಗೆ ಭರತ ಇಳಿತಗಳ ಪಾಠವನ್ನು ಕರಿಹಲಗೆಯ ಮೇಲೆ ಎಷ್ಟು ಬರೆದು ತೋರಿಸಿದರೂ ಅದು ಅರೆಮನವರಿಕೆಯೇ. ದೂರದಿಂದ ಬರುವ ಹಡಗಿನ ತುದಿಯು ಮೊದಲು ಕಂಡು, ಅದರ ಒಡಲು ಆಮೇಲೆ ಮೇಲೇಳುವುದನ್ನು ಒಮ್ಮೆ ಕಣ್ಣಾರೆ ನೋಡಿದವಳಿಗೆ ಭೂಮಿಯು ಗುಂಡಗಿದೆಯೆಂದು ಮತ್ತೆ ಹೇಳಬೇಕಾಗುವುದಿಲ್ಲ. ಆದಕಾರಣ ಹಣವಿದ್ದವರು ಮಕ್ಕಳಿಗೆ ಸಮುದ್ರವನ್ನು ತೋರಿಸಲಿ, ಹಡಗನ್ನೂ ಹತ್ತಿಸಲಿ. ನನ್ನ ಪ್ರಶ್ನೆಯು ಹಡಗಿನ ವಿಷಯದ್ದಲ್ಲ; ದಿನಗಳ ವಿಷಯದ್ದು. ಅದಕ್ಕೆ ಕ್ರಿಸ್ಮಸ್ಸಿನ ದಿನಗಳೇ ಏಕೆ?

ಇದಕ್ಕೆ ತಾಯಂದಿರು ಕೊಡುವ ಉತ್ತರವೊಂದುಂಟು. ಅದನ್ನು ನಾನು ಹಗುರಾಗಿ ಎಣಿಸಲಾರೆನು. “ಹಬ್ಬವೆಂದರೆ ನಮಗೆ ಒಲೆಯ ಮುಂದಿನ ಹಬ್ಬ. ಹದಿನೈದು ದಿನ ಮೊದಲು ಸುಣ್ಣಬಣ್ಣ, ಆಮೇಲೆ ಕರ್ಚಿಕಾಯಿ, ಚಕ್ಕಲಿ, ಶಂಕರಪಾಳಿ, ಬೇಸನ ಉಂಡಿ; ಹಬ್ಬದ ದಿನ ಬಂದುಹೋಗುವವರ ಊಟ, ಚಹ, ಪಾತ್ರೆ. ಗುಡಿಯಿಂದ ಬಂದ ಬಟ್ಟೆಯನ್ನು ಬದಲಿಸಲಿಕ್ಕೂ ಪುರುಸೊತ್ತಿಲ್ಲ. ಹಡಗಿನಲ್ಲಿಯಾದರೋ ಮೂರು ದಿನ ಬೇರೆಯವರು ಮಾಡಿ ಬಡಿಸುತ್ತಾರೆ” ಎಂದು ಅವರು ಹೇಳುತ್ತಾರೆ. ಈ ಮಾತಿನಲ್ಲಿ ಸುಳ್ಳೇನೂ ಇಲ್ಲ. ಹೆಣ್ಣುಮಕ್ಕಳ ಶಾಲೆಯನ್ನು ನಡೆಸುವವರು ಇದನ್ನು ಕೇಳಿಯೂ ಕೇಳದಂತೆ ಇರುವುದು ತಕ್ಕದ್ದಲ್ಲ. ವರ್ಷವೆಲ್ಲ ಹೊಲದಲ್ಲಿ, ಇಲ್ಲವೆ ಕಚೇರಿಯಲ್ಲಿ ದುಡಿದು ಮನೆಯಲ್ಲಿಯೂ ದುಡಿಯುವ ಗೃಹಿಣಿಗೆ ವಿಶ್ರಾಂತಿಯು ಬೇಕೇಬೇಕು. ಆದರೆ ತಾಯಿಗೆ ವಿಶ್ರಾಂತಿ ದೊರೆಯಬೇಕಾದರೆ ಮನೆಯನ್ನು ಬಿಟ್ಟು ಸಮುದ್ರದ ನಡುವೆಯೇ ಹೋಗಬೇಕೆಂಬ ಸ್ಥಿತಿಯು ಬಂದಿದ್ದರೆ, ಸುಧಾರಣೆಯು ಆಗಬೇಕಾದದ್ದು ಮನೆಯಲ್ಲಿ. ಹಡಗು ಮೂರು ದಿನದ ನಂತರ ದಂಡೆಗೆ ಬರುತ್ತದೆ. ಒಲೆಯು ಅಲ್ಲಿಯೇ ಕಾದಿರುತ್ತದೆ.

ಇನ್ನು ಆ ದಿನಗಳು ಯಾರವೆಂಬುದನ್ನು ವಿಚಾರಿಸೋಣ. ನಮ್ಮ ಶಾಲೆಗಳಿಗೆ ಕ್ರಿಸ್ಮಸ್ ಸೂಟಿಯು ಸುಮ್ಮನೆ ಸಿಕ್ಕಿದ್ದಲ್ಲ. ದಸರೆಯ ಸೂಟಿಯಲ್ಲಿ ಕೆಲವು ದಿನಗಳನ್ನು ಬಿಟ್ಟುಕೊಟ್ಟು, ಅಷ್ಟು ದಿನಗಳನ್ನು ಕ್ರಿಸ್ಮಸ್ಸಿಗೆ ಪಡೆಯಲು ಶಿಕ್ಷಣ ಇಲಾಖೆಯು ಕ್ರೈಸ್ತ ಸಂಸ್ಥೆಗಳ ಶಾಲೆಗಳಿಗೆ ಅನುಮತಿ ಕೊಡುತ್ತದೆ. ಎಲ್ಲರಿಗೂ ಸೂಟಿಯಿರುವಾಗ ಪಾಠ ಹೇಳಿ, ಪಾಠ ಕೇಳಿ ನಾವು ಈ ದಿನಗಳನ್ನು ಕೊಂಡುಕೊಂಡಿದ್ದೇವೆ. ಏತಕ್ಕಾಗಿ? ಹರಿದು ಹಂಚಿಹೋದ ಕುಟುಂಬಗಳು ವರ್ಷಕ್ಕೊಮ್ಮೆಯಾದರೂ ಒಂದೆಡೆ ಕೂಡಲಿ ಎಂದು. ಬೆಂಗಳೂರು, ಪುಣೆ, ಗೋವೆಗಳಲ್ಲಿ ಉದ್ಯೋಗದಲ್ಲಿರುವ ಮಕ್ಕಳ ದಾರಿಯನ್ನು ಕಾಯುತ್ತ ಹಳ್ಳಿಯ ಮನೆಯಲ್ಲಿ ಅಜ್ಜಿಯೊಬ್ಬಳು ಕುಳಿತಿರುತ್ತಾಳೆ. ಆಕೆಗೆ ಹಡಗಿನ ಚಿತ್ರಗಳು ಮೊಬೈಲಿನಲ್ಲಿ ಬಂದು ಮುಟ್ಟಬಹುದು. ಆದರೆ ಮೊಮ್ಮಗಳ ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕುವ ಕೈಗಳಿಗೆ ಚಿತ್ರದಿಂದ ಸಮಾಧಾನವಾಗುವುದುಂಟೆ? ಎಪ್ಪತ್ತೈದು ದಾಟಿದವರಿಗೆ ಇನ್ನೆಷ್ಟು ಕ್ರಿಸ್ಮಸ್ಸುಗಳು ಉಳಿದಿವೆಯೆಂದು ಎಣಿಸುವುದು ಕಠಿಣವಾದ ಲೆಕ್ಕವಾದರೂ ಮಕ್ಕಳಾದವರು ಒಮ್ಮೆ ಮಾಡಬೇಕಾದ ಲೆಕ್ಕವೇ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ದಾದಿಯರಾಗಿ ಆಸ್ಪತ್ರೆಗಳಲ್ಲಿ ಸೇವೆ ಮಾಡುತ್ತಿರುವರು. ಕ್ರಿಸ್ಮಸ್ ದಿನ ಪಾಳಿ ಬಂದರೆ ಅವರು ರೋಗಿಯ ಮಗ್ಗುಲಲ್ಲಿಯೇ ಹಬ್ಬವನ್ನು ಕಳೆಯಬೇಕು. ಹಡಗಿನ ಅಡಿಗೆಯವರಿಗೂ ಖಲಾಸಿಗಳಿಗೂ ಅದೇ ಗತಿ. ಸೂಟಿಯೇ ಸಿಗದವರು ಮನೆಯನ್ನು ನೆನೆದು ನಿಟ್ಟುಸಿರು ಬಿಡುತ್ತಿರುವಾಗ, ಸೂಟಿ ಸಿಕ್ಕವರು ಮನೆಯಿಂದ ದೂರ ಹೋಗುವುದು ಯೋಚಿಸತಕ್ಕ ಸಂಗತಿಯಾಗಿದೆ.

ನಮ್ಮ ಶಾಲೆಯಲ್ಲಿ ಎಲ್ಲ ಮತದ ಬಾಲಿಕೆಯರೂ ಕಲಿಯುತ್ತಿದ್ದಾರೆ. ಅನ್ಯಮತದ ಪಾಲಕರಿಗೆ ಕ್ರಿಸ್ಮಸ್ ಸೂಟಿಯು ಬರಿಯ ಸೂಟಿಯೇ ಆದುದರಿಂದ, ಅವರು ಅದನ್ನು ಪ್ರವಾಸಕ್ಕೆ ಉಪಯೋಗಿಸಿದರೆ ನನ್ನ ಅಡ್ಡಿಯಿಲ್ಲ. ಆದರೆ ನಾನು ಹೇಳುವುದರ ಮರ್ಮವು ಅವರಿಗೆ ನಮಗಿಂತಲೂ ಚೆನ್ನಾಗಿ ತಿಳಿಯುವುದು. ಪಂಚಮಿಗೆ ಮಗಳ ದಾರಿಯನ್ನು ನೋಡುವ ತವರಿನವರಿಗೂ, ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬುತ್ತಿ ಬಿಚ್ಚುವವರಿಗೂ, ಈದಿನ ದಿನ ಊರಿಗೆ ಮರಳುವವರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲನೆಯ ಕ್ರಿಸ್ಮಸ್ಸು ಪ್ರವಾಸದಲ್ಲಿಯೇ ನಡೆಯಿತಲ್ಲವೇ ಎಂದು ಜಾಣತನದಿಂದ ಕೇಳುವವರೂ ಇದ್ದಾರೆ. ನಿಜ. ಯೋಸೇಫನೂ ಮರಿಯಳೂ ನಜರೇತಿನಿಂದ ಹೊರಟು ದೂರದ ಬೇತ್ಲೆಹೇಮಿಗೆ ಬಂದಿದ್ದರು. ಛತ್ರದಲ್ಲಿ ಅವರಿಗೆ ಸ್ಥಳವೂ ದೊರೆಯಲಿಲ್ಲ. ಆದರೆ ಅವರು ಹೊರಟದ್ದು ವಿಹಾರಕ್ಕಲ್ಲ. ಯೋಸೇಫನ ಪೂರ್ವಿಕರ ಊರಿಗೆ. ಆ ಕಥೆಯಿಂದ ಪ್ರಯಾಣದ ಪಾಠವನ್ನು ಕಲಿಯುವುದಾದರೆ, ಅದು ನಮ್ಮನ್ನು ಅಣ್ಣಿಗೇರಿಯ ಗಾಡಿಯಲ್ಲಿ ಕುಳ್ಳಿರಿಸುವುದೇ ಹೊರತು ಮುಂಬಯಿಯ ಧಕ್ಕೆಗೆ ಒಯ್ಯುವುದಿಲ್ಲ.

ಹಾಗಾದರೆ ತಾಯಿಯ ವಿಶ್ರಾಂತಿಯ ಗತಿಯೇನು? ಅದಕ್ಕೆ ಉಪಾಯವು ನಮ್ಮ ಕೈಯಲ್ಲಿಯೇ ಇದೆ. ಏಳು ತರದ ತಿಂಡಿಯ ಬದಲು ಎರಡು ತರದ ತಿಂಡಿ ಸಾಕೆಂದು ಮನೆಯ ಹಿರಿಯಳೇ ಮೊದಲು ಹೇಳಲಿ. ಸೊಸೆಯ ಬಾಯಿಂದ ಆ ಮಾತು ಬಂದರೆ ಸೋಮಾರಿತನವೆನಿಸುತ್ತದೆ, ಅತ್ತೆಯ ಬಾಯಿಂದ ಬಂದರೆ ವಿವೇಕವೆನಿಸುತ್ತದೆ. ಹುಬ್ಬಳ್ಳಿ ಧಾರವಾಡಗಳಲ್ಲಿ ಖಡಕ್ ರೊಟ್ಟಿಯನ್ನೂ ಚಟ್ನಿಪುಡಿಯನ್ನೂ ಮಾಡಿ ಮಾರುವ ಹೆಣ್ಣುಮಕ್ಕಳಿದ್ದಾರೆ. ಅವರಿಂದ ಕೊಂಡುತಂದರೆ ಹಬ್ಬಕ್ಕೆ ಕುಂದಿಲ್ಲ, ಅವರ ಹೊಟ್ಟೆಗೂ ಆಧಾರ. ಗಂಡಸರೂ ಗಂಡುಹುಡುಗರೂ ನೀರು ತುಂಬುವುದು, ಕಸ ಗುಡಿಸುವುದು, ಪಾತ್ರೆ ಬೆಳಗುವುದು ಇವುಗಳನ್ನು ತಮ್ಮ ಪಾಲಿಗೆ ತೆಗೆದುಕೊಳ್ಳಲಿ. ಹಬ್ಬದ ಮರುದಿನ ಮನೆಯ ಹೆಂಗಸರು ಒಲೆಯ ಹತ್ತಿರ ಸುಳಿಯಕೂಡದೆಂದು ಒಂದು ಕಟ್ಟಳೆಯನ್ನೇ ಮಾಡಿರಿ. ತಿಕೀಟಿಗೆ ಸಾವಿರಾರು ರೂಪಾಯಿ ತೆರಲು ಸಿದ್ಧನಾದ ತಂದೆಗೆ ಒಂದು ದಿನ ಅನ್ನ ಬೇಯಿಸುವುದು ಭಾರವಾಗಲಾರದು. ತಾಯಿಯು ಕಟ್ಟೆಯ ಮೇಲೆ ಕುಳಿತು ನೆರೆಹೊರೆಯವರೊಡನೆ ಮಾತನಾಡುವುದನ್ನೂ, ತಂದೆಯು ಸೌಟು ಹಿಡಿದು ಬಡಿಸುವುದನ್ನೂ ಕಂಡು ಬೆಳೆದ ಹುಡುಗಿಯು ಕಲಿಯುವ ಪಾಠವು ಯಾವ ಶಾಲೆಯ ಅಭ್ಯಾಸಕ್ರಮದಲ್ಲಿಯೂ ಇಲ್ಲ.

ಸಮುದ್ರ ವಿಹಾರಕ್ಕೆ ಬೇರೆ ಕಾಲವಿಲ್ಲವೆಂದಲ್ಲ. ಪಡುಗಡಲು ಮಳೆಗಾಲದಲ್ಲಿ ಮಾತ್ರ ಕೆರಳಿರುತ್ತದೆ. ಮುಂಗಾರು ಹಿಂದೆಗೆದ ಮೇಲೆ ಅಕ್ಟೋಬರದಿಂದ ಬೇಸಿಗೆಯವರೆಗೂ ಹಡಗುಗಳಿಗೆ ಅನುಕೂಲವಾದ ಕಾಲವೇ. ನೌಕರಿಯಲ್ಲಿರುವವರು ದಸರೆಯ ಸೂಟಿಯಲ್ಲಿ ಹೋಗಬಹುದು. ಒಕ್ಕಲುತನದವರಿಗೆ ಆಗ ಹಿಂಗಾರಿ ಬಿತ್ತಿಗೆಯ ಗಡಿಬಿಡಿ; ಅವರು ಜೋಳ, ಕಡಲೆ, ಗೋದಿಗಳ ಸುಗ್ಗಿ ಮುಗಿಸಿ ಎಪ್ರಿಲದಲ್ಲಿ ಹೋಗಲಿ. ಕ್ರಿಸ್ಮಸ್ ಮತ್ತು ಹೊಸ ವರ್ಷದ ವಾರದಲ್ಲಿ ನೂಕುನುಗ್ಗಲು ಹೆಚ್ಚು, ದರವೂ ಹೆಚ್ಚು. ಬೇರೆ ಕಾಲದಲ್ಲಿ ಉಳಿದ ಹಣದಿಂದ ಅಜ್ಜಿಯನ್ನೂ ಜೊತೆಗೆ ಕರೆದೊಯ್ಯಬಹುದು. ಜಾಹೀರಾತಿನಲ್ಲಿ ಕಂಡ ದರವನ್ನೇ ನಂಬಬಾರದು. ಅದು ಬಹುಶಃ ಕಿಟಕಿಯಿಲ್ಲದ ಕೋಣೆಯಲ್ಲಿ ಇಬ್ಬರಿದ್ದರೆ ತಲೆಗಿಷ್ಟು ಎಂಬ ದರವಾಗಿರುತ್ತದೆ. ತೆರಿಗೆ, ಬಂದರದ ಶುಲ್ಕ, ದಂಡೆಗಿಳಿದು ಊರು ನೋಡುವ ವೆಚ್ಚ, ಮುಂಬಯಿಗೆ ಹೋಗಿಬರುವ ಖರ್ಚು ಇವೆಲ್ಲವನ್ನೂ ಕೂಡಿಸಿ ನೋಡಿ ಆಮೇಲೆ ನಿರ್ಧರಿಸುವುದು ಜಾಣತನ. ಕಂತಿನ ಸಾಲ ತೆಗೆದು ವಿಹಾರಕ್ಕೆ ಹೋಗುವುದಂತೂ ಬೇಡವೇ ಬೇಡ. ಮಗಳ ಕಾಲೇಜಿನ ಶುಲ್ಕವು ಮುಂದೆ ನಿಂತಿರುತ್ತದೆ.

ಅಷ್ಟು ವೆಚ್ಚಕ್ಕೆ ಅನುಕೂಲವಿಲ್ಲದವರು ತಮ್ಮ ಮಕ್ಕಳು ಕಡಲನ್ನು ಕಾಣದೆ ಉಳಿದರೆಂದು ಕೊರಗಬೇಕಾಗಿಲ್ಲ. ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಹೆದ್ದಾರಿಯು ಕಲಘಟಗಿ, ಯಲ್ಲಾಪುರಗಳ ಮೇಲೆ ಹಾಯುತ್ತದೆ. ಮುಂಜಾನೆ ಬಸ್ಸು ಹತ್ತಿದವರು ಮಧ್ಯಾಹ್ನದ ಬುತ್ತಿಯನ್ನು ಸಮುದ್ರದ ದಂಡೆಯ ಮೇಲೆ ಬಿಚ್ಚಬಹುದು. ಕಾರವಾರದ ದಂಡೆಯಲ್ಲಿ ಚಪಲ್ ಎಂಬ ಯುದ್ಧನೌಕೆಯನ್ನು ವಸ್ತುಸಂಗ್ರಹಾಲಯವಾಗಿ ನಿಲ್ಲಿಸಿದ್ದಾರೆ. ಹಡಗು ಹೇಗಿರುತ್ತದೆಂಬುದನ್ನು ಮಕ್ಕಳು ಅಲ್ಲಿ ಕಣ್ಣಾರೆ ನೋಡಿಯಾರು.

ಈ ಮಾತಿಗೆ ಹೊರತಾದವರೂ ಇದ್ದಾರೆಂಬುದನ್ನು ಮರೆಯಲಾರೆನು. ಹಿರಿಯರೆಲ್ಲ ತೀರಿಹೋಗಿ ಊರಿನ ಮನೆಯ ಕದ ಮುಚ್ಚಿದವರುಂಟು. ಅದೇ ವರ್ಷ ಮನೆಯಲ್ಲಿ ಸಾವು ಸಂಭವಿಸಿ, ಬರಿದಾದ ಕುರ್ಚಿಯನ್ನು ನೋಡಲಾರದೆ ಹಬ್ಬದ ದಿನಗಳನ್ನು ದೂರದಲ್ಲಿ ಕಳೆಯಬಯಸುವವರೂ ಉಂಟು. ಅಂಥವರನ್ನು ಆಕ್ಷೇಪಿಸುವ ಅಧಿಕಾರವು ಯಾರಿಗೂ ಇಲ್ಲ. ಆದರೆ ಬಾಗಿಲು ತೆರೆದಿರುವ, ಒಳಗೆ ಹಿರಿಯ ಜೀವವೊಂದು ಕಾದಿರುವ ಮನೆಗಳ ಮಕ್ಕಳಿಗೆ ನನ್ನ ಬಿನ್ನಹವಿಷ್ಟೇ: ತಿಕೀಟು ಕೊಳ್ಳುವ ಮೊದಲು ಊರಿಗೆ ಒಮ್ಮೆ ಮಾತನಾಡಿರಿ. “ನಾವು ಬರುವುದಿಲ್ಲ” ಎಂದು ತಿಳಿಸುವ ಸಲುವಾಗಿ ಅಲ್ಲ; “ನಿಮಗೆ ಯಾವಾಗ ಅನುಕೂಲ, ನೀವೂ ಹಡಗಿಗೆ ಬರುವಿರಾ” ಎಂದು ಕೇಳುವ ಸಲುವಾಗಿ. ಅವರು ನಕ್ಕು ಒಲ್ಲೆನೆನ್ನಬಹುದು, ಇಲ್ಲವೆ ಹೂಂ ಎಂದು ನಿಮ್ಮನ್ನು ಬೆರಗುಗೊಳಿಸಲೂಬಹುದು. ಕ್ರಿಸ್ಮಸ್ಸಿಗೆ ಮಾತ್ರ ಮನೆಗೆ ಬನ್ನಿರಿ. ಬಂದ ಮೇಲೆ ನಿಮ್ಮ ತಾಯಿಯ ಕೈಯಲ್ಲಿಯ ಸೌಟನ್ನು ನೀವು ತೆಗೆದುಕೊಳ್ಳಿರಿ.