ಬಂದೂಕಿಗೆ ನಂಬರಿದೆ, ಸತ್ತವರಿಗೆ?

ಸೇನೆಗಳು ಬೇಡವೆಂದು ಮಾರಿದ ಹಳೆಯ ರೈಫಲ್‌ಗಳನ್ನು ಕೊಂಡು ಕೂಡಿಡುವವರ ಒಂದು ವರ್ಗವೇ ಇದೆ. ಅಮೆರಿಕದಲ್ಲಿ ಹೆಚ್ಚು, ಇಂಗ್ಲೆಂಡಿನಲ್ಲೂ ಉಂಟು, ಅಲ್ಲಿಗೆ ಹೋಗಿ ನೆಲೆಸಿದ ನಮ್ಮವರಿಗೂ ಈ ರುಚಿ ಹತ್ತುತ್ತದೆ. ಮರದ ಭಾಗಕ್ಕೆ ಎಣ್ಣೆ ತಿಕ್ಕಿ, ನಳಿಗೆ ಶುಚಿ ಮಾಡಿ, ರಜೆಯ ದಿನ ರೇಂಜಿಗೆ ಒಯ್ದು ಕಾಗದದ ಗುರಿಗೆ ಹೊಡೆಯುತ್ತಾರೆ. ಯಾಕೆ ಎಂದು ಕೇಳಿದರೆ ಉತ್ತರ ಸಿದ್ಧ: ನಮ್ಮ ಕೈಯಲ್ಲಿರುವುದು ಆಯುಧವಲ್ಲ, ಇತಿಹಾಸ. ಈ ಉತ್ತರದ ಮೇಲೆ ನನಗೆ ತಕರಾರಿದೆ. ತಕರಾರು ತೆಗೆಯಲು ಗೌರಿಬಿದನೂರು ತಾಲ್ಲೂಕಿಗಿಂತ ತಕ್ಕ ಜಾಗ ಇನ್ನೊಂದಿಲ್ಲ.

ಅವರಿಗೆ ಸಲ್ಲಬೇಕಾದ್ದನ್ನು ಮೊದಲು ಸಲ್ಲಿಸಿಬಿಡುತ್ತೇನೆ. ಈ ಜನರ ತಿಳಿವಳಿಕೆ ಸಾಮಾನ್ಯದ್ದಲ್ಲ. ನಾವು ಪೊಲೀಸರ ಹೆಗಲ ಮೇಲೆ ನೋಡುತ್ತ ಬೆಳೆದ ‘ತ್ರೀ ನಾಟ್ ತ್ರೀ’ಯನ್ನೇ ತೆಗೆದುಕೊಳ್ಳಿ. ಅದು ಕಲ್ಕತ್ತೆಯ ಬಳಿ, ಹೂಗ್ಲಿ ನದಿಯ ದಂಡೆಯ ಈಶಾಪುರದ ಕಾರ್ಖಾನೆಯಲ್ಲಿ ತಯಾರಾದದ್ದು. ಹಿಡಿಯ ಮುಂದಿನ ಲೋಹದ ಪಟ್ಟಿಯ ಮೇಲೆ ಕಿರೀಟದ ಮುದ್ರೆ ಇದ್ದರೆ ಬ್ರಿಟಿಷರ ಕಾಲದ್ದು, ಅಶೋಕನ ಸಿಂಹಗಳಿದ್ದರೆ ಆಮೇಲಿನದ್ದು. ಪಕ್ಕದಲ್ಲೇ ತಯಾರಾದ ವರ್ಷ. ಬೋಲ್ಟಿನ ಮೇಲಿನ ನಂಬರೂ ಒಡಲಿನ ಮೇಲಿನ ನಂಬರೂ ಒಂದೇ ಆಗಿದ್ದರೆ ಬೆಲೆ ಏರುತ್ತದೆ. 1962ರ ಚೀನಾ ಯುದ್ಧದ ನಂತರ ಅದೇ ಮಾದರಿಯನ್ನು 7.62 ಮಿಲಿಮೀಟರ್ ಗುಂಡಿಗೆ ಹೊಂದಿಸಿದರು. ಮೊದಲು ಗುರಿಪಟ್ಟಿಯಲ್ಲಿ 2000 ಮೀಟರಿನವರೆಗೆ ಗೆರೆಗಳಿದ್ದವು. ಆಮೇಲೆ ಯಾರಿಗೋ ಬುದ್ಧಿ ಬಂದು 800ಕ್ಕೆ ಇಳಿಸಿದರು. ಇದನ್ನೆಲ್ಲ ಅವರು ನಿದ್ದೆಯಲ್ಲೂ ಹೇಳಬಲ್ಲರು. ನಮ್ಮ ಎಷ್ಟು ಮಂದಿ ಸಾಹಿತಿಗಳು ತಾವು ಬರೆಯುವ ವಸ್ತುವನ್ನು ಇಷ್ಟು ಹತ್ತಿರದಿಂದ ನೋಡುತ್ತಾರೆ?

ಆ ಈಶಾಪುರದ ರೈಫಲ್‌ಗಳು ಹಡಗು ಹತ್ತಿ ಅಮೆರಿಕದ ಅಂಗಡಿಗಳಿಗೆ ಅಗ್ಗದ ಮಾಲಾಗಿ ಹೋದವು. ಇಲ್ಲಿ ಚಿಂತಾಮಣಿಯ ಹುಡುಗನಿಗೆ ಎನ್‌ಸಿಸಿ ಕವಾಯತಿನಲ್ಲಿ ಸಿಕ್ಕರೆ ಸಿಕ್ಕಿತು. ನಮ್ಮ ಕಾಯ್ದೆಯಲ್ಲಿ ಸೇನೆಯ ಅಳತೆಯ ಗುಂಡಿನ ಬಂದೂಕು ನಾಗರಿಕರಿಗೆ ನಿಷಿದ್ಧ. ಅವರಿಗೆಂದು ಸರ್ಕಾರಿ ಕಾರ್ಖಾನೆ 315ರ ಬೇರೆ ರೈಫಲ್ ಮಾಡಿತು. 2019ರ ತಿದ್ದುಪಡಿಯಂತೆ ಒಬ್ಬರಿಗೆ ಇರಬಹುದಾದ ಬಂದೂಕುಗಳು ಮೂರರಿಂದ ಎರಡಕ್ಕೆ ಇಳಿದವು. ಆದ್ದರಿಂದ ನಮ್ಮ ಬಂದೂಕುಪ್ರಿಯರದು ಸದಾ ಒಂದು ಗೊಣಗು: ಸರ್ಕಾರ ನಮ್ಮಿಂದ ನಮ್ಮ ಇತಿಹಾಸವನ್ನೇ ಕಿತ್ತುಕೊಂಡಿದೆ. ಸಾಕ್ಷಿಗೆ ಗಾಂಧಿಯನ್ನೇ ಕರೆಯುತ್ತಾರೆ. ಇಡೀ ದೇಶದ ಕೈಯಿಂದ ಆಯುಧ ಕಸಿದದ್ದು ಬ್ರಿಟಿಷರ ಮಹಾಪರಾಧ ಎಂದು ಗಾಂಧಿ ಹೇಳಿದ್ದು ನಿಜ. ಹೇಳಿದ್ದು 1918ರಲ್ಲಿ, ಖೇಡಾ ಜಿಲ್ಲೆಯಲ್ಲಿ ಯುದ್ಧಕ್ಕೆ ಆಳು ಸೇರಿಸುತ್ತಿದ್ದ ದಿನಗಳಲ್ಲಿ. 1878ರ ಆ ಕಾಯ್ದೆ ಯುರೋಪಿಯನ್ನರನ್ನು ಬಿಟ್ಟು ಭಾರತೀಯರನ್ನು ಮಾತ್ರ ಕಟ್ಟಿಹಾಕಿದ್ದೂ ನಿಜ. ಅದರ ಅನ್ಯಾಯ ಇದ್ದದ್ದು ಮನುಷ್ಯರ ನಡುವೆ ಮಾಡಿದ ಭೇದದಲ್ಲಿ. ಅದನ್ನು ಇಂದಿನ ಹವ್ಯಾಸಕ್ಕೆ ಊರುಗೋಲಾಗಿ ಕೊಡಲು ನಾನು ತಯಾರಿಲ್ಲ.

ಕೊಡಗಿನ ಮಾತು ಬೇರೆ. ಅಲ್ಲಿನವರಿಗೆ ಪರವಾನಗಿಯಿಂದ ವಿನಾಯಿತಿ ಇದೆ, 2029ರವರೆಗೆ ಮುಂದುವರಿದೂ ಇದೆ. ಕೈಲ್‌ಪೊಳ್ದಿನ ದಿನ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಅದು ಮನೆತನದ ವಸ್ತು, ಕಪಾಟಿನ ಸಂಗ್ರಹವಲ್ಲ. ಬೆಳೆಗೆ ನುಗ್ಗುವ ಹಂದಿ ಓಡಿಸಲು ಪರವಾನಗಿ ಪಡೆದು, ಚುನಾವಣೆ ಬಂದಾಗಲೆಲ್ಲ ಬಂದೂಕನ್ನು ಠಾಣೆಗೆ ಒಪ್ಪಿಸಿ ಬರುವ ರೈತನ ಮೇಲೂ ನನ್ನ ತಕರಾರಿಲ್ಲ. ಅವನು ಅದನ್ನು ಇತಿಹಾಸ ಎಂದು ಕರೆಯುವುದಿಲ್ಲ.

ಇನ್ನು ವಿದುರಾಶ್ವತ್ಥಕ್ಕೆ ಬನ್ನಿ. ಗೌರಿಬಿದನೂರಿನಿಂದ ಹಿಂದೂಪುರದ ದಾರಿಯಲ್ಲಿ, ಉತ್ತರ ಪಿನಾಕಿನಿಯ ದಡದಲ್ಲಿರುವ ಊರು. ವಿದುರ ನೆಟ್ಟದ್ದೆಂದು ಜನ ನಂಬಿದ ಅರಳಿ ಮರ 2001ರಲ್ಲಿ ಉರುಳಿತು. ನಾಗರಕಲ್ಲುಗಳು ಸಾಲುಸಾಲಾಗಿ ಈಗಲೂ ನಿಂತಿವೆ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧ ಮುರಿದು ಕಾಂಗ್ರೆಸ್ ಬಾವುಟ ಹಾರಿಸಿದ ಬಿಸಿ ಇನ್ನೂ ಆರಿರಲಿಲ್ಲ. ಏಪ್ರಿಲ್ 25ರಂದು ಇಲ್ಲಿಯೂ ಬಾವುಟ ಹಾರಿಸಲೆಂದು ಜನ ಸೇರಿದರು. ಜಾತ್ರೆಯ ಕಾಲ. ಪೊಲೀಸರು ಗುಂಡು ಹಾರಿಸಿದರು.

‘ದಕ್ಷಿಣದ ಜಲಿಯನ್‌ವಾಲಾಬಾಗ್’ ಎಂದು ನಾವು ಕೂಡಲೇ ಬಿರುದು ಕೊಟ್ಟು ಕೈತೊಳೆದುಕೊಂಡೆವು. ಈ ಬಿರುದು ನನಗೆ ಒಗ್ಗುವುದಿಲ್ಲ. ಅಮೃತಸರದಲ್ಲಿ ಆಜ್ಞೆ ಕೊಟ್ಟವನು ಡಯರ್ ಎಂಬ ಬ್ರಿಟಿಷ್ ಅಧಿಕಾರಿ. ವಿದುರಾಶ್ವತ್ಥದಲ್ಲಿ ಗುಂಡು ಹೊಡೆದದ್ದು ಮೈಸೂರು ಸಂಸ್ಥಾನದ ಪೊಲೀಸರು. ನಾವು ‘ಮಾದರಿ ಸಂಸ್ಥಾನ’ ಎಂದು ಇಂದಿಗೂ ಕೊಂಡಾಡುವ, ಕಾಲುವೆ, ಕರೆಂಟು, ಕಾಲೇಜುಗಳ ಅದೇ ಮೈಸೂರು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಹೆಸರು ಹೇಳಿ ಎದೆಯುಬ್ಬಿಸುವ ಜಿಲ್ಲೆಯೇ ಇದನ್ನೂ ತನ್ನ ಲೆಕ್ಕದಲ್ಲಿ ಬರೆದುಕೊಳ್ಳಬೇಕು. ಬಿರುದಿನ ಹಿಂದೆ ಅಡಗಿದರೆ ಕೊಂದವನು ಯಾವಾಗಲೂ ಪರದೇಶದವನಾಗಿಯೇ ಉಳಿಯುತ್ತಾನೆ.

ಆಮೇಲೆ ಏನಾಯಿತೆಂಬುದು ಪಠ್ಯಪುಸ್ತಕದ ದಾರಿ: ಪಟೇಲರೂ ಕೃಪಲಾನಿಯವರೂ ಬಂದರು, ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಒಪ್ಪಂದವಾಯಿತು, ಮೈಸೂರಿನ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟಕ್ಕೂ ಜಾಗ ಸಿಕ್ಕಿತು. ಸತ್ತವರೆಷ್ಟು? ಸರ್ಕಾರಿ ಕಡೆಯ ಲೆಕ್ಕ 10. ಊರಿನ ನೆನಪಿನ ಲೆಕ್ಕ 30ಕ್ಕೂ ಮೇಲು. ಇಷ್ಟು ವರ್ಷಗಳಾದರೂ ಈ ಎರಡು ಲೆಕ್ಕಗಳು ಒಂದೇ ಸ್ಮಾರಕದ ಸುತ್ತ ಒಟ್ಟಿಗೇ ಓಡಾಡಿಕೊಂಡಿವೆ, ಯಾರಿಗೂ ಮುಜುಗರವಿಲ್ಲ.

ಎನ್‌ಸಿಸಿ ಶಿಬಿರಕ್ಕೆ ಹೋದ ವಿದ್ಯಾರ್ಥಿಗಳನ್ನು ಕೇಳಿ ನೋಡಿ. ಫೈರಿಂಗ್ ಮುಗಿದ ಮೇಲೆ ಖಾಲಿ ಕಾಟ್ರಿಜ್‌ಗಳನ್ನು ಹುಲ್ಲಿನಲ್ಲಿ ಹುಡುಕಿ ಹುಡುಕಿ ಹೆಕ್ಕಬೇಕು. ಒಂದು ಕಡಿಮೆಯಾದರೂ ಯಾರೂ ಜಾಗ ಬಿಡುವ ಹಾಗಿಲ್ಲ. ಕೊಟ್ಟ ಗುಂಡೆಷ್ಟು, ಸಿಡಿದದ್ದೆಷ್ಟು, ವಾಪಸು ಬಂದದ್ದೆಷ್ಟು, ಎಲ್ಲಕ್ಕೂ ರಿಜಿಸ್ಟರು. ಹಿತ್ತಾಳೆಯ ತುಂಡಿಗೆ ಇಷ್ಟು ಶಿಸ್ತಿನ ಲೆಕ್ಕ ಇಡುವ ವ್ಯವಸ್ಥೆ, ಜಾತ್ರೆಗೆ ಬಂದವರ ಹೆಣಗಳನ್ನು ಎಣಿಸುವಾಗ 10ಕ್ಕೂ 30ಕ್ಕೂ ನಡುವೆ ತಡವರಿಸುತ್ತದೆ. ಬೋಲ್ಟಿನ ನಂಬರು ಒಡಲಿನ ನಂಬರಿಗೆ ತಾಳೆಯಾಯಿತೇ ಎಂದು ಭೂತಗನ್ನಡಿ ಹಿಡಿಯುವ ಸಂಗ್ರಾಹಕನಿಗೆ ನನ್ನ ಪ್ರಶ್ನೆ ಇದೇ. ನಿನ್ನ ಕೈಯಲ್ಲಿರುವುದು ಇತಿಹಾಸವಾದರೆ, ಅದರ ನಳಿಗೆಯ ಆಚೆ ನಿಂತವರ ಪಟ್ಟಿ ಎಲ್ಲಪ್ಪಾ? ನಿನ್ನ ಇತಿಹಾಸ ಕುದುರೆಯಿಂದ ಶುರುವಾಗಿ ನಳಿಗೆಯ ತುದಿಗೆ ಮುಗಿದುಹೋಗುತ್ತದಲ್ಲ.

ಆದರೆ ಆ ಭೂತಗನ್ನಡಿ ನನಗೆ ಬೇಕು. ನಮ್ಮ ಸ್ಮಾರಕಗಳಿಗೆ ಬರ ಇರುವುದು ಅದರದ್ದೇ. ಹಾರ, ಭಾಷಣ, ಪ್ರತಿ ಏಪ್ರಿಲ್‌ನಲ್ಲಿ ಒಂದು ಫೋಟೊ, ಇಷ್ಟರಲ್ಲಿ ಹುತಾತ್ಮರು ಹುತಾತ್ಮರಾಗಿಯೇ ಉಳಿದು ಮನುಷ್ಯರಾಗುವುದು ತಪ್ಪುತ್ತದೆ. ಅವರು ಯಾವ ಊರಿನಿಂದ ನಡೆದು ಬಂದರು, ಎಲ್ಲಿ ಗುಂಡು ಬಿತ್ತು, ಮನೆಗೆ ಸುದ್ದಿ ಯಾರು ಮುಟ್ಟಿಸಿದರು ಎಂದು ಕೇಳುವ ಹಟ ಹವ್ಯಾಸಿಗೆ ಬಂದೂಕಿನ ವಿಷಯದಲ್ಲಿದೆ, ನಮಗೆ ಜನರ ವಿಷಯದಲ್ಲಿಲ್ಲ.

2020ರ ಗಣರಾಜ್ಯೋತ್ಸವದಲ್ಲಿ ಉತ್ತರ ಪ್ರದೇಶದ ಪೊಲೀಸರು ತ್ರೀ ನಾಟ್ ತ್ರೀಗೆ ಕವಾಯತು ಮಾಡಿ ಬೀಳ್ಕೊಟ್ಟರು. ನಿವೃತ್ತ ನೌಕರನಿಗೆ ಶಾಲು ಹೊದಿಸಿದ ಹಾಗೆ! ನಿವೃತ್ತ ಬಂದೂಕುಗಳನ್ನು ಹೀಗೆ ಕಳಿಸಿಕೊಡುವ ಬದಲು, ಗುಂಡು ಹಾರದಂತೆ ಮಾಡಿದ ಒಂದನ್ನು ವಿದುರಾಶ್ವತ್ಥಕ್ಕೆ ತಂದಿಡಲಿ. ಪೂಜೆ ಬೇಡ, ಗಾಜಿನ ಪೆಟ್ಟಿಗೆಯೊಳಗೆ ಬಣ್ಣದ ದೀಪವೂ ಬೇಡ. ಫಲಕದ ಒಂದು ಬದಿಗೆ ಕಾರ್ಖಾನೆ, ವರ್ಷ, ನಂಬರು ಇರಲಿ. ಇನ್ನೊಂದು ಬದಿಗೆ 1938ರಲ್ಲಿ ಬಿದ್ದವರ ಹೆಸರು, ಊರು, ವಯಸ್ಸು. ಎರಡು ಲೆಕ್ಕಗಳ ನಡುವಿನ ಅಂತರವನ್ನೂ ಮುಚ್ಚಿಡದೆ ಬರೆಯಲಿ.

ಆ ಎರಡನೆಯ ಬದಿಯನ್ನು ಬರೆಯಬೇಕಾದವರು ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಯ ಕಾಲೇಜುಗಳಲ್ಲಿ ಇತಿಹಾಸ ಓದುತ್ತಿರುವವರು. ಸರ್ ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ಆಗ ವಿಚಾರಣೆಯೂ ನಡೆದಿತ್ತು. ಮೈಸೂರು ಸಂಸ್ಥಾನದ ಕಡತಗಳು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿವೆ. ಗೌರಿಬಿದನೂರಿನಿಂದ ಬೆಂಗಳೂರಿಗೆ ರೈಲಿದೆ.